ಹರಳಿನ ಹೊಳಪನ್ನು ಪರೀಕ್ಷಿಸುವ ಮತ್ತು ಕಾಪಾಡುವ ಕ್ರಮ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹರಳಿನ ಮೂಗುಬೊಟ್ಟನ್ನೋ ಓಲೆಯನ್ನೋ ಕೊಳ್ಳುವವರು, ಅಂಗಡಿಯ ಸಣ್ಣ ದೀಪಗಳ ಕೆಳಗೆ ಕಂಡ ಮಿನುಗನ್ನಷ್ಟೇ ನಂಬಿ ತೀರ್ಮಾನಿಸಬಾರದು. ಆ ದೀಪಗಳ ಕೆಳಗೆ ಸಾಣೆ ಹಿಡಿದ ಗಾಜೂ ಮಿನುಗುತ್ತದೆ. ಒಡವೆಯನ್ನು ಬಾಗಿಲ ಬಳಿಗೆ ತಂದು ನಿಧಾನವಾಗಿ ಓರೆ ಮಾಡುತ್ತಾ ನೋಡಬೇಕು. ಮಲೆನಾಡಿನ ಮಳೆಗಾಲದ ಮೋಡದ ಬೆಳಕು ಇದಕ್ಕೆ ಬಹಳ ಒಳ್ಳೆಯದು. ಆಕಾಶದ ಎಲ್ಲ ಕಡೆಯಿಂದಲೂ ಹರಡಿ ಬರುವ ಆ ಬೆಳಕಿನಲ್ಲಿ ಬಣ್ಣದ ಕಿಡಿಗಳು ಅಡಗುತ್ತವೆ. ಹರಳಿನ ನಡುಭಾಗ ಬೆಳ್ಳಗೆ ಉಳಿದಿದೆಯೇ ಅಥವಾ ಹಿಂದೆ ಹಿಡಿದ ಬೆರಳು ಅದರ ಮೂಲಕ ಕಾಣುತ್ತಿದೆಯೇ ಎಂಬುದು ಸ್ಪಷ್ಟವಾಗುತ್ತದೆ.

ಬೆರಳು ಕಂಡರೆ ಬೆಳಕು ಹಿಂಬದಿಯಿಂದ ಸೋರಿಹೋಗುತ್ತಿದೆ ಎಂದರ್ಥ. ಗಾಳಿಯಿಂದ ಹರಳಿನೊಳಗೆ ಓರೆಯಾಗಿ ಹೊಕ್ಕ ಬೆಳಕು ವೇಗ ತಗ್ಗಿ ಬಾಗುತ್ತದೆ. ಇದೇ ವಕ್ರೀಭವನ, ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ತಿಳಿಸುವ ಇದರ ಸೂಚ್ಯಂಕ ನೀರಿಗೆ 1.33, ಸಾಮಾನ್ಯ ಗಾಜಿಗೆ ಸುಮಾರು 1.5, ಮಾಣಿಕ್ಯ ಮತ್ತು ನೀಲಕ್ಕೆ ಸುಮಾರು 1.76, ವಜ್ರಕ್ಕೆ 2.42. ವಜ್ರದೊಳಗಿನ ಬೆಳಕು ಹಿಂದಿನ ಮುಖಕ್ಕೆ ಲಂಬದಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದರೆ ಹೊರಗೆ ಹೋಗಲಾರದೆ ಪೂರ್ತಿ ಒಳಕ್ಕೇ ಪ್ರತಿಫಲಿಸುತ್ತದೆ. ಗಾಜಿನಲ್ಲಿ ಈ ಮಿತಿ ಸುಮಾರು 42 ಡಿಗ್ರಿ. ಆದ್ದರಿಂದಲೇ ಅದರಲ್ಲಿ ಸೋರಿಕೆ ಹೆಚ್ಚು. ಹಿಂಬದಿಯ ಇಳಿಜಾರು ಎಷ್ಟಿದ್ದರೆ ಬೆಳಕು ಮರಳಿ ಕಣ್ಣಿಗೆ ಬರುತ್ತದೆ ಎಂಬುದನ್ನು ಬೆಲ್ಜಿಯಂನ ವಜ್ರ ಕೆತ್ತುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿದರು. ವಜ್ರಕ್ಕೆ ಅದು ಸುಮಾರು 40.75 ಡಿಗ್ರಿ. ಕಲ್ಲು ಅಸಲಿಯಾಗಿದ್ದರೂ ಕೆತ್ತನೆ ಕೆಟ್ಟರೆ ಕಳೆ ಕಟ್ಟುವುದಿಲ್ಲ.

ಬಣ್ಣದ ಕಿಡಿಗಳಿಗೆ ಕಾರಣ ಬೇರೆ. ನೇರಳೆ ಬೆಳಕು ಕೆಂಪಿಗಿಂತ ಹೆಚ್ಚು ಬಾಗುವುದರಿಂದ ಬಣ್ಣಗಳು ಬೇರ್ಪಡುತ್ತವೆ. ಅಮೆರಿಕನ್ ಡೈಮಂಡ್ ಎಂದು ಮಾರುವ ಕ್ಯೂಬಿಕ್ ಜಿರ್ಕೋನಿಯಾದಲ್ಲಿ ಈ ಗುಣ ವಜ್ರಕ್ಕಿಂತ ಹೆಚ್ಚು. ಹೀಗಾಗಿ ಕಿಡಿ ಹೆಚ್ಚಿದ್ದರೆ ವಜ್ರವೇ ಎಂಬ ನಂಬಿಕೆ ತಪ್ಪು. ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಲೇಬೇಕು.

ಮನೆಯಲ್ಲಿ ಗಮನ ಕೊಡಬೇಕಾದದ್ದು ಹರಳಿನ ಹಿಂಬದಿಗೆ. ಅಲ್ಲಿ ತಲೆಗೆಣ್ಣೆ, ಅರಿಶಿನ, ಸಾಬೂನಿನ ಜಿಡ್ಡು ಕಟ್ಟಿದರೆ ಕಲ್ಲಿನ ಬೆನ್ನಿಗೆ ಗಾಳಿಯ ಬದಲು ಎಣ್ಣೆ ತಾಗುತ್ತದೆ, ವಜ್ರದಲ್ಲಿ 24.4 ಇದ್ದ ಮಿತಿ ಸುಮಾರು 37 ಡಿಗ್ರಿಗೆ ಏರಿ, ಒಳಗೇ ತಿರುಗಬೇಕಿದ್ದ ಬೆಳಕು ಹೊರಬೀಳುತ್ತದೆ. ಮುಂಭಾಗವನ್ನು ಎಷ್ಟು ಒರೆಸಿದರೂ ಈ ಮಂಕು ಹೋಗುವುದಿಲ್ಲ. ಹಿಂಬದಿ ತೆರೆದಿರುವ ವಜ್ರದ ಒಡವೆಯನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಹಿಂದಿನ ಸಂದುಗಳನ್ನು ಉಜ್ಜಿ, ಪಾತ್ರೆಯೊಳಗೇ ತೊಳೆದು ಒಣಗಿಸಬೇಕು. ಅರಗು ತುಂಬಿ ಹಿಂಬದಿ ಮುಚ್ಚಿದ ಒಡವೆಯನ್ನೂ ಮುತ್ತನ್ನೂ ನೆನೆಸಬಾರದು. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುವುದರಿಂದ ಅದಕ್ಕೆ ಬಿಸಿನೀರು ಸೋಕಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.