ಕತ್ತರಿ, ಚಮಚ ಎರಡೂ ಬೇಡದ ಪೌಚು: ನನ್ನ ಅನುಭವ

ನಾಯಿಗೆ ಹಾಲು-ಅನ್ನ, ಉಳಿದ ರೊಟ್ಟಿ ಹಾಕುವ ಊರಿನಲ್ಲಿ ನಾಯಿಗೆಂದೇ ಮಾಡಿದ ಮೂವತ್ತೈದು ರೂಪಾಯಿಯ ಕೋಳಿ ಗ್ರೇವಿ ಪೌಚನ್ನು ಯಾರು ಕೊಳ್ಳುತ್ತಾರೆ ಎಂದು 2021ರಲ್ಲಿ ನನ್ನನ್ನು ಕೇಳದವರಿಲ್ಲ. ನನಗೆ ಪೌಚಿನ ಪ್ಲಾಸ್ಟಿಕ್ ಫಿಲ್ಮ್ ಕೊಡುತ್ತಿದ್ದ ಹಿರಿಯ ವ್ಯಾಪಾರಿಯೊಬ್ಬರಂತೂ ನಾನು ಬರೆದು ಒಯ್ದಿದ್ದ ಅಳತೆಯ ಚೀಟಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟು, ತಾನೇ ನೆಟ್ಟಗೆ ನಿಲ್ಲದ ಇಂಥ ಚಪ್ಪಟೆ ಪೌಚನ್ನು ಅಂಗಡಿಯವನು ಮುಂದೆ ಇಡುವುದಿಲ್ಲ, ಸುಮ್ಮನೆ ದುಡ್ಡು ಕಳೆದುಕೊಳ್ಳಬೇಡಿ ಎಂದರು. ಇಂದು ತಿಂಗಳಿಗೆ ಒಂಬತ್ತು ಹತ್ತು ಸಾವಿರ ಪೌಚುಗಳು ಹುಬ್ಬಳ್ಳಿಯ ತಾರಿಹಾಳದ ನನ್ನ ಘಟಕದಿಂದ ಹೊರಗೆ ಹೋಗುತ್ತಿವೆ. ಹೆಚ್ಚಿನವು ಹುಬ್ಬಳ್ಳಿ-ಧಾರವಾಡಕ್ಕೆ, ಉಳಿದವು ಗದಗ, ಹಾವೇರಿ, ರಾಣೆಬೆನ್ನೂರಿಗೆ. ಇಲ್ಲಿಗೆ ಬರುವ ತನಕ ಏನೇನು ಕೆಟ್ಟಿತು, ಎಷ್ಟು ಹಣ ಹೋಯಿತು ಎಂಬುದನ್ನು ಪ್ಯಾಕಿಂಗ್ ಕೆಲಸದಲ್ಲೇ ಇರುವವರಿಗಾಗಿ ಬರೆಯುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಬರೆದಿದ್ದೇನೆ, ಅಲ್ಪಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಮೊದಲು ನಾನೂ ಎಲ್ಲರಂತೆ ಕೆಳಗೆ ಗಸೆಟ್ (ಬುಡ ಅಗಲವಾಗಿ ನಿಲ್ಲಲು ಕೊಡುವ ಒಳಮಡಿಕೆ) ಇರುವ ಸ್ಟ್ಯಾಂಡಪ್ ಪೌಚನ್ನೇ ಮಾಡಿದೆ. ನೋಡಲು ಚೆನ್ನಾಗಿತ್ತು, ಅಂಗಡಿಯಲ್ಲಿ ನಿಲ್ಲುತ್ತಿತ್ತು. ಮಾದರಿಗಳನ್ನು ಮನೆಮನೆಗೆ ಕೊಟ್ಟು ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ಕುಳಿತು ನೋಡಿದಾಗ ಮಾತ್ರ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ಮೊಮ್ಮಗ ನಾಯಿ ಸಾಕಿದ್ದ, ಮನೆಯವರೆಲ್ಲ ಶುದ್ಧ ಸಸ್ಯಾಹಾರಿಗಳು. ಹುಡುಗ ಪೌಚು ಹರಿಯಲಾರದೆ ಅಡುಗೆಮನೆಯ ಕಡೆಗೆ ಹೊರಟಾಗ ಅಜ್ಜಿ ಬಾಗಿಲಲ್ಲೇ ತಡೆದು ನನ್ನ ಕಡೆ ತಿರುಗಿ, "ತಮ್ಮಾ, ನಾಯಿಗೆ ಏನರ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಅಡಿಗಿಮನಿ ಕತ್ತರಿ, ಚಮಚಾ ಅದಕ್ಕ ಮುಟ್ಟಬಾರ್ದು ನೋಡು. ಅರ್ಧಾ ಉಳಿಸಿ ಫ್ರಿಜ್‌ನಾಗ ಇಡೂದಂತೂ ಬ್ಯಾಡೇ ಬ್ಯಾಡ" ಎಂದರು. ನಮ್ಮ ಭಾಗದಲ್ಲಿ ಇಂಥ ಮನೆಗಳು ಒಂದೆರಡಲ್ಲ. ನಾಯಿಯ ಮೇಲೆ ಪ್ರೀತಿ ಇದೆ, ಅದಕ್ಕೆ ಮಾಂಸ ಬೇಕೆಂಬ ತಿಳಿವಳಿಕೆಯೂ ಇದೆ, ಆದರೆ ಆ ಮಾಂಸ ಮನೆಯ ಯಾವ ಪಾತ್ರೆ-ಪಡಗಕ್ಕೂ ತಾಗಬಾರದು. ಅನುಕೂಲವೆಂದರೆ ಏನು ಎಂಬುದಕ್ಕೆ ಆ ಅಜ್ಜಿಯ ಮಾತಿಗಿಂತ ಸ್ಪಷ್ಟವಾದ ಉತ್ತರ ನನಗೆ ಇದುವರೆಗೆ ಯಾರಿಂದಲೂ ಸಿಕ್ಕಿಲ್ಲ. ಬರಿಗೈಯಲ್ಲಿ ಹರಿಯಬೇಕು, ಕೈಗೆ ಹತ್ತದೆ ಬಟ್ಟಲಿಗೆ ಬೀಳಬೇಕು, ಒಂದೇ ಹೊತ್ತಿಗೆ ಮುಗಿಯಬೇಕು.

ಹರಿಯುವುದು ಸುಲಭದ ಮಾತಲ್ಲ ಎಂಬುದು ರಿಟಾರ್ಟ್ ಪೌಚು, ಅಂದರೆ ಸೀಲು ಮಾಡಿದ ಮೇಲೆ ರಿಟಾರ್ಟ್ ಎಂಬ ಒತ್ತಡದ ಪಾತ್ರೆಯಲ್ಲಿ ಬೇಯಿಸುವ ಪೌಚು, ಮುಟ್ಟಿದವರಿಗೆಲ್ಲ ಗೊತ್ತು. ಹೊರಗೆ 12 ಮೈಕ್ರಾನ್ ಪಾಲಿಯೆಸ್ಟರ್, ಅದರ ಒಳಗೆ 9 ಮೈಕ್ರಾನ್ ಅಲ್ಯೂಮಿನಿಯಂ, ಆಮೇಲೆ 15 ಮೈಕ್ರಾನ್ ನೈಲಾನ್, ಕೊನೆಗೆ ಆಹಾರಕ್ಕೆ ತಾಗುವ 70 ಮೈಕ್ರಾನ್ ಸಿಪಿಪಿ (ಒಂದು ಬಗೆಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್). 121 ಡಿಗ್ರಿಯ ಶಾಖ ತಡೆಯಲು ಕಟ್ಟಿದ ಈ ನಾಲ್ಕು ಪದರಗಳು ಬೆರಳಿಗೂ ಅಷ್ಟೇ ಗಟ್ಟಿಯಾಗಿ ಎದುರು ನಿಲ್ಲುತ್ತವೆ. ಬದಿಯಲ್ಲಿ ಕಚ್ಚು ಕೊಟ್ಟರೆ ಸೀಳು ಶುರುವಾಗುತ್ತದೆ, ಆದರೆ ಎರಡು ಸೆಂಟಿಮೀಟರ್ ಹೋಗಿ ಕೆಳಕ್ಕೆ ತಿರುಗುತ್ತದೆ. ಒಳಗಿನ ಸಿಪಿಪಿ ಹರಿಯದೆ ಎಳೆಯೆಳೆಯಾಗಿ ಜಗ್ಗುತ್ತದೆ, ಹರಿಯುವವರು ಸಿಟ್ಟಿನಿಂದ ಪೌಚಿನ ಹೊಟ್ಟೆಯನ್ನೇ ಬಿಗಿಯಾಗಿ ಹಿಡಿಯುತ್ತಾರೆ, ಗ್ರೇವಿ ಚಿಮ್ಮಿ ಅಂಗಿಗೋ ಗೋಡೆಗೋ ಬೀಳುತ್ತದೆ. ಮೂವತ್ತು ಮನೆಗಳಲ್ಲಿ ನೋಡಿದೆ, ಇಪ್ಪತ್ತಕ್ಕಿಂತ ಹೆಚ್ಚು ಕಡೆ ಹೀಗೆಯೇ ಆಯಿತು. ಹರಿಯುವ ಜಾಗದಲ್ಲಿ ಲೇಸರಿನಿಂದ ತೆಳು ಗೆರೆ ಕೊರೆಸಿದರೆ ನೇರ ಹರಿಯುತ್ತದೆ, ಆದರೆ ನನ್ನ ಪ್ರಮಾಣಕ್ಕೆ ಅದನ್ನು ಮಾಡಿಕೊಡಲು ಯಾರೂ ಒಪ್ಪಲಿಲ್ಲ.

ಕತ್ತರಿ ತಪ್ಪಿಸುವ ಅವಸರದಲ್ಲಿ ಮಾಡಿದ ಮೊದಲ ತಪ್ಪೆಂದರೆ ಮುಚ್ಚಳದ ಪೌಚು. ಟೊಮೆಟೊ ಸಾಸಿನ ಪೌಚಿಗೆ ಇರುವಂಥ ಮೂತಿಯನ್ನು ಕೂಡಿಸಿ, ತಿರುಗಿಸಿ ಹಿಂಡಿದರಾಯಿತು ಎಂದುಕೊಂಡೆ. ಗ್ರೇವಿ ಮಾತ್ರ ಬಂತು, ಕೋಳಿಯ ತುಂಡುಗಳು ಮೂತಿಯಲ್ಲಿ ಸಿಕ್ಕಿಕೊಂಡವು. ತುಂಡನ್ನು ಸಣ್ಣದು ಮಾಡಿದರೆ ನಾಯಿ ಅಗಿಯದೆ ನೆಕ್ಕಿ ಮುಗಿಸುತ್ತದೆ, ಕೊಟ್ಟವರಿಗೂ ತುಂಡು ಕಾಣದ ಸಮಾಧಾನವಿಲ್ಲ. ಒಂದೊಂದು ಪೌಚಿಗೆ ಒಂಬತ್ತು ರೂಪಾಯಿ ಬಿದ್ದಿತ್ತು, ಅಲ್ಲಿ ಸುಮಾರು 70 ಸಾವಿರ ಹೋಯಿತು. ಉಂಗುರ ಎಳೆದು ತೆಗೆಯುವ ಡಬ್ಬಿಯನ್ನೂ ನೋಡಿದೆ. ಡಬ್ಬಿಗೆ ಕತ್ತರಿ ಬೇಡ, ಆದರೆ ಚಮಚ ಬೇಕೇ ಬೇಕು, ಅಂಚು ಬೆರಳು ಕೊಯ್ಯುತ್ತದೆ, ಬೆಲೆಯೂ ಕೈಗೆಟುಕದು. ಅಲ್ಲಿಗೆ ಅದನ್ನು ಬಿಟ್ಟೆ.

ದಾರಿ ಹೊಳೆದದ್ದು ಶಾಲೆಯ ಮುಂದಿನ ಗಾಡಿಯ ಹತ್ತಿರ. ಬೇಸಿಗೆಯಲ್ಲಿ ಮಕ್ಕಳು ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ಪೆಪ್ಸಿ ಐಸನ್ನು ಕೆಳಗಿನಿಂದ ಹಿಂಡುತ್ತ ತಿನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಒಳಗೆ ಮೂಲೆ ಇಲ್ಲ, ಮಡಿಕೆ ಇಲ್ಲ, ಬಾಯಿ ಎಷ್ಟು ಅಗಲವೋ ಹೊಟ್ಟೆಯೂ ಅಷ್ಟೇ ಅಗಲ, ಹಾಗಾಗಿ ಕೊನೆಯ ಹನಿಯ ತನಕ ಹೊರಗೆ ಬರುತ್ತದೆ. ಗಸೆಟ್ ಪೌಚಿನಲ್ಲಿ ಉಳಿಯುವುದೆಲ್ಲ ಆ ಗಸೆಟಿನ ಮಡಿಕೆಯಲ್ಲೇ. ನಾನು ತೂಗಿ ನೋಡಿದಾಗ ನೂರು ಗ್ರಾಮಿನಲ್ಲಿ ಒಂಬತ್ತು ಹತ್ತು ಗ್ರಾಂ ಅಲ್ಲೇ ಅಂಟಿಕೊಂಡಿತ್ತು, ಚಮಚ ಬೇಕಾಗುತ್ತಿದ್ದುದೂ ಅದಕ್ಕಾಗಿಯೇ. ಗಸೆಟನ್ನೇ ತೆಗೆದುಹಾಕಿ 90 ಮಿಲಿಮೀಟರ್ ಅಗಲ, 235 ಮಿಲಿಮೀಟರ್ ಉದ್ದದ ಚಪ್ಪಟೆ ಪೌಚು ಮಾಡಿದೆ. ಕೆಳತುದಿಯನ್ನು ಎರಡು ಬೆರಳಲ್ಲಿ ಒತ್ತಿ ಮೇಲಕ್ಕೆ ಎಳೆದರೆ ಎಲ್ಲವೂ ಒಮ್ಮೆಗೇ ಜಾರಿ ಬಟ್ಟಲಿಗೆ ಬೀಳುತ್ತದೆ, ಒಳಗೆ ಉಳಿಯುವುದು ಮೂರು ಗ್ರಾಂ.

ಇದರಿಂದ ನಾನು ಎಣಿಸದೆ ಇದ್ದ ಇನ್ನೊಂದು ಲಾಭವೂ ಬಂತು. ಗಸೆಟ್ ಪೌಚು ಬುಡದಲ್ಲಿ ಮೂರು ಸೆಂಟಿಮೀಟರ್ ದಪ್ಪ ಇರುತ್ತಿತ್ತು, ಇದು ಹದಿಮೂರು ಮಿಲಿಮೀಟರ್ ಮಾತ್ರ. ನಟ್ಟನಡುವಿನ ತುಂಡಿಗೆ ಶಾಖ ಬೇಗ ಮುಟ್ಟುವುದರಿಂದ ಮೊದಲು 121 ಡಿಗ್ರಿಯಲ್ಲಿ ನಲವತ್ತು ನಿಮಿಷ ಹಿಡಿಯುತ್ತಿದ್ದ ಬ್ಯಾಚು ಇಪ್ಪತ್ತೈದಕ್ಕೆ ಇಳಿಯಿತು. ಇಳಿಸಿದ್ದು ಊಹೆಯಿಂದಲ್ಲ, ಪೌಚಿನ ಒಳಗೆ ಶಾಖ ಅಳೆಯುವ ಥರ್ಮೋಕಪಲ್ ತಂತಿ ಕೂಡಿಸಿ, ಎಫ್‌ನಾಟ್ (ರೋಗಾಣು ಸಾಯಲು ಸಿಕ್ಕ ಶಾಖವನ್ನು 121 ಡಿಗ್ರಿಯ ನಿಮಿಷಗಳಲ್ಲಿ ಅಳೆಯುವ ಲೆಕ್ಕ) ಎಂಟಕ್ಕಿಂತ ಕೆಳಗೆ ಬಾರದಂತೆ ನೋಡಿಕೊಂಡೇ ಇಳಿಸಿದ್ದು. ಈ ವಿಷಯದಲ್ಲಿ ಯಾರೂ ಧೈರ್ಯ ಮಾಡಬಾರದು. ಮಾರಕ ವಿಷ ಉಂಟುಮಾಡುವ ಬಾಟ್ಯುಲಿಸಂ ರೋಗಾಣುವಿಗೆ ಬೇಕಾಗುವುದೇ ಗಾಳಿಯಿಲ್ಲದ, ಹುಳಿಯಿಲ್ಲದ ಇಂಥ ಜಾಗ. ಸಮಯ ಇಳಿದದ್ದರಿಂದ ತುಂಡಿನ ಬಣ್ಣವೂ ಕಪ್ಪಾಗದೆ ಉಳಿಯಿತು.

ಹರಿಯುವ ಸಮಸ್ಯೆಗೆ ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಕಾಯಿತು. ಬದಿಯ ಸೀಲನ್ನು ಎಂಟು ಮಿಲಿಮೀಟರಿನಿಂದ ಹನ್ನೆರಡಕ್ಕೆ ಅಗಲ ಮಾಡಿದೆ. ಎಡಗೈ ಈಗ ಆ ಒಣ ಅಂಚನ್ನು ಹಿಡಿಯುತ್ತದೆ, ಬಲಗೈ ಮೇಲಿನ ಪಟ್ಟಿಯನ್ನು ಹಿಡಿಯುತ್ತದೆ, ಹೊಟ್ಟೆಯನ್ನು ಯಾರೂ ಅಮುಕುವುದೇ ಇಲ್ಲ. ಎರಡನೆಯದಾಗಿ, ಫಿಲ್ಮ್ ರೋಲು ಸುತ್ತಿದ ದಿಕ್ಕಿನಲ್ಲೇ ಸೀಳು ಸಾಗುವಂತೆ ಪೌಚನ್ನು ಅಡ್ಡ ತಿರುಗಿಸಿ ಕೊಯ್ಯಿಸಿದೆ. ಪೌಚು ಮಾಡುವವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ಅವರ ಯಂತ್ರದ ಸೆಟ್ಟಿಂಗ್ ಬದಲಾಗುತ್ತದೆ. ನಾನು ಎರಡು ದಿನ ಅವರ ಯಂತ್ರದ ಹತ್ತಿರವೇ ನಿಂತು ಮಾಡಿಸಿಕೊಂಡೆ. ಮೂರನೆಯದು ಕಚ್ಚಿನ ಕೋನ. ಅದು ಎಷ್ಟು ಡಿಗ್ರಿ, ಸೀಲಿನ ಒಳಗೆ ಎಷ್ಟು ಆಳ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ನಲವತ್ತಕ್ಕೂ ಹೆಚ್ಚು ಡೈ (ಕಚ್ಚು ಕೊಯ್ಯುವ ಅಚ್ಚು) ತಿದ್ದಿಸಿದ್ದೇನೆ. ಆಳ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ಕೆಡುತ್ತವೆಯೇ ಎಂದು ನೋಡಲು 37 ಡಿಗ್ರಿಯ ಪೆಟ್ಟಿಗೆಯಲ್ಲಿ ಹದಿನಾಲ್ಕು ದಿನ ಇಟ್ಟ ಇನ್ನೂರು ಪೌಚುಗಳಲ್ಲಿ ಹನ್ನೊಂದು ಹತ್ತನೆಯ ದಿನಕ್ಕೇ ದಿಂಬಿನಂತೆ ಉಬ್ಬಿದವು. ಸೀಲಿನಲ್ಲಿ ಕೂದಲೆಳೆಯಷ್ಟು ಜಾಡು ಬಿದ್ದಿತ್ತು, ಕೆಂಪು ಶಾಯಿ ಬಿಟ್ಟು ನೋಡಿದಾಗಲೇ ಅದು ಕಂಡದ್ದು.

ಹರಿದ ಪಟ್ಟಿಯ ಬಗ್ಗೆ ನನಗೆ ಮೊದಲಿನಿಂದಲೂ ಚಿಂತೆ ಇತ್ತು. ಮಾಂಸದ ವಾಸನೆ ಹತ್ತಿದ ಆ ಸಣ್ಣ ತುಂಡನ್ನು ಜನ ಅಲ್ಲೇ ಬಿಸಾಡುತ್ತಾರೆ, ನಮ್ಮ ಬೀದಿಗಳಲ್ಲಿ ಅದು ನಾಯಿಯ ಹೊಟ್ಟೆಗೋ ದನದ ಹೊಟ್ಟೆಗೋ ಹೋಗುತ್ತದೆ. ಅಗಲವಾದ ಬದಿ ಸೀಲಿನಲ್ಲಿ, ಸೀಳು ಮುಗಿಯುವ ಜಾಗದಲ್ಲಿ ಒಂದು ಸಣ್ಣ ದುಂಡು ರಂಧ್ರ ಹೊಡೆಸಿದೆ. ಸೀಳು ಬಂದು ಆ ರಂಧ್ರ ಮುಟ್ಟಿದ ಕೂಡಲೇ ನಿಲ್ಲುತ್ತದೆ, ಪಟ್ಟಿ ಪೌಚಿಗೇ ನೇತಾಡುತ್ತದೆ. ನೂರಕ್ಕೆ ತೊಂಬತ್ತು ಸಲ ನಿಲ್ಲುತ್ತದೆ. ಉಳಿದ ಹತ್ತಕ್ಕೆ ಇನ್ನೂ ಪ್ರಯತ್ನ ನಡೆದಿದೆ. ಈ ಒಂದು ಸಣ್ಣ ರಂಧ್ರದ ಬಗ್ಗೆ ನನಗೆ ಇರುವಷ್ಟು ಅಭಿಮಾನ ಉಳಿದ ಯಾವ ಕೆಲಸದ ಬಗ್ಗೆಯೂ ಇಲ್ಲ.

ಹಣ ದೊಡ್ಡ ಪ್ರಮಾಣದಲ್ಲಿ ಹೋದದ್ದು ಎರಡು ಕಡೆ. ಮೊದಲನೆಯದು ಫಿಲ್ಮ್. ಹೊರ ಊರಿನ ಸರಬರಾಜುದಾರರೊಬ್ಬರು ರಿಟಾರ್ಟ್ ದರ್ಜೆಯ ಸಿಪಿಪಿ ಎಂದು ಹೇಳಿ ಸಾಮಾನ್ಯ ದರ್ಜೆಯದನ್ನು ಕಳಿಸಿದ್ದರು. 300 ಕಿಲೋಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದಿದ್ದರಿಂದ ಕಿಲೋಕ್ಕೆ 420ರಂತೆ ಒಂದೂಕಾಲು ಲಕ್ಷ ಮುಂಗಡವಾಗಿಯೇ ಕೊಟ್ಟಿದ್ದೆ. ರಿಟಾರ್ಟಿನಿಂದ ಹೊರಗೆ ತೆಗೆದಾಗ ಪೌಚುಗಳ ಮೈಮೇಲೆಲ್ಲ ಸುಟ್ಟ ಗಾಯದ ಬೊಬ್ಬೆಗಳಂತೆ ಪದರ ಎದ್ದಿತ್ತು, ಉಗುರಿನಿಂದ ಎಬ್ಬಿಸಿದರೆ ಅಲ್ಯೂಮಿನಿಯಂ ಬೇರೆಯಾಗಿ ಬರುತ್ತಿತ್ತು. ಹಣ ಮರಳಲಿಲ್ಲ. ಆರು ಬಣ್ಣದ ಮುದ್ರಣಕ್ಕೆ ಮಾಡಿಸಿದ್ದ ಸಿಲಿಂಡರುಗಳು, ಸುಮಾರು 36 ಸಾವಿರದ್ದು, ಪೌಚಿನ ಅಳತೆ ಬದಲಾದ ಮೇಲೆ ಮೂಲೆ ಸೇರಿದವು. ಅಂದಿನಿಂದ ನಾನು ಮುದ್ರಣವಿಲ್ಲದ ಬೆಳ್ಳಿ ಬಣ್ಣದ ಪೌಚನ್ನೇ ತರಿಸಿ, ರಿಟಾರ್ಟ್ ಆಗಿ ಪೂರ್ತಿ ಒಣಗಿದ ಮೇಲೆ ಲೇಬಲ್ ಹಚ್ಚುತ್ತೇನೆ. ಹೊಸದಾಗಿ ಆರಂಭಿಸುವವರು ಅಳತೆ ಗಟ್ಟಿಯಾಗುವ ತನಕ ಸಿಲಿಂಡರಿಗೆ ಒಂದು ರೂಪಾಯಿಯನ್ನೂ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಕರೆಂಟು. ನನ್ನದೇ ರಿಟಾರ್ಟ್ ಇಲ್ಲದ ದಿನಗಳಲ್ಲಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಜಾಬ್ ವರ್ಕ್ ಮಾಡಿಸುತ್ತಿದ್ದೆ. ಪೌಚನ್ನು ತಂಪು ಮಾಡುವಾಗ ಹೊರಗಿನಿಂದ ಗಾಳಿಯ ಒತ್ತಡ ಹಿಡಿದಿರಬೇಕು, ಇಲ್ಲವಾದರೆ ಒಳಗಿನ ಹಬೆ ಪೌಚನ್ನು ಒಡೆಯುತ್ತದೆ. ಜೂನ್ ತಿಂಗಳ ಒಂದು ಸಂಜೆ ಮಳೆ-ಗಾಳಿಗೆ ಕರೆಂಟು ಹೋಯಿತು, ಕಂಪ್ರೆಸರ್ ನಿಂತಿತು, ಒತ್ತಡದ ಮುಳ್ಳು ಎರಡರಿಂದ ಒಂದರ ಕೆಳಗೆ ಇಳಿಯುವುದನ್ನು ನೋಡುತ್ತ ನಿಂತೆವು. ಒಳಗಿನಿಂದ ಒಂದಾದ ಮೇಲೊಂದು ಮೆತ್ತನೆಯ ಸದ್ದು ಬರತೊಡಗಿತು. ಬಾಗಿಲು ತೆಗೆದಾಗ 600ರಲ್ಲಿ 400ಕ್ಕೂ ಹೆಚ್ಚು ಬಾಯಿ ಬಿಟ್ಟಿದ್ದವು, ತಟ್ಟೆಗಳೆಲ್ಲ ಗ್ರೇವಿಯಲ್ಲಿ ಮುಳುಗಿದ್ದವು, ತೊಳೆಯಲು ರಾತ್ರಿ ಹನ್ನೊಂದಾಯಿತು. ಈಗ ನನ್ನ ಸ್ವಂತ ಸಣ್ಣ ರಿಟಾರ್ಟಿಗೆ 500 ಲೀಟರಿನ ಗಾಳಿ ಟ್ಯಾಂಕು ಜೋಡಿಸಿದ್ದೇನೆ, ಕರೆಂಟು ಹೋದರೂ ಒಂದು ಬ್ಯಾಚು ತಂಪಾಗುವಷ್ಟು ಗಾಳಿ ಅದರಲ್ಲಿ ಇರುತ್ತದೆ. ಟ್ಯಾಂಕಿಗೆ ಕೊಟ್ಟದ್ದು 48 ಸಾವಿರ. ಅಂಥ ಕೆಲವು ಬ್ಯಾಚು ಕೆಟ್ಟರೆ ಅಷ್ಟೇ ಹಣ ಹೋಗುತ್ತದೆ.

ಸೀಲಿನ ಜಾಗಕ್ಕೆ ಗ್ರೇವಿ ತಾಗಿದರೆ ಉಳಿದದ್ದೆಲ್ಲ ವ್ಯರ್ಥ. ಬಾಯಿ ಕಿರಿದಾದ ಪೌಚಿನಲ್ಲಿ ಈ ಅಪಾಯ ಹೆಚ್ಚು. ನಾನು ಸ್ಟೀಲ್ ತಗಡನ್ನು ಸುತ್ತಿ ಒಂದು ಉದ್ದನೆಯ ಆಲಿಕೆ ಮಾಡಿಸಿದೆ, ಅದು ಪೌಚಿನ ಅರ್ಧದ ತನಕ ಇಳಿಯುತ್ತದೆ. ಮೊದಲು ತುಂಡು, ಆಮೇಲೆ ಗ್ರೇವಿ, ಆಮೇಲೆ ಆಲಿಕೆಯನ್ನು ಹೊರಗೆ ತೆಗೆಯುವ ಕ್ರಮದಲ್ಲಿ ಒಂದು ಸಣ್ಣ ಕೈಚಳಕ ಇದೆ. ಅದನ್ನು ನನ್ನ ಮನೆಯವರು ಕಂಡುಹಿಡಿದರು, ಅವರ ಅನುಮತಿ ಇಲ್ಲದೆ ಬರೆಯಲಾರೆ. ಅದಾದ ಮೇಲೆ ಸೀಲಿನ ದೋಷ ಸಾವಿರಕ್ಕೆ ಇಪ್ಪತ್ತರಿಂದ ಎರಡಕ್ಕೆ ಬಂದಿದೆ.

ಗ್ರೇವಿ ಜಾರುವ ಗುಣದ ಮೇಲೂ ಕೆಲವು ತಿಂಗಳು ಕಳೆದೆ, ಏಕೆಂದರೆ ಪೌಚು ಎಷ್ಟೇ ಚೆನ್ನಾಗಿದ್ದರೂ ಗ್ರೇವಿ ಗೋಂದಿನಂತಿದ್ದರೆ ಹೊರಗೆ ಬರುವುದಿಲ್ಲ. ಜೋಳದ ಹಿಟ್ಟು ಹಾಕಿ ನೋಡಿದೆ. ಬಿಸಿಯಿದ್ದಾಗ ಅಂಬಲಿಯಂತೆ ಚೆನ್ನಾಗಿತ್ತು, ವಾರ ಕಳೆದ ಮೇಲೆ ಬಿಗಿದು ನೀರು ಬಿಟ್ಟಿತು. ಕಂಬಳಿಗೆ ಗಂಜಿ ಹಾಕುವ ಹುಣಸೆ ಬೀಜದ ಪುಡಿಯನ್ನು ನೆನೆಸಿಕೊಂಡು ಅದನ್ನೂ ಹಾಕಿದೆ. ರಿಟಾರ್ಟ್ ಶಾಖವನ್ನು ಚೆನ್ನಾಗಿ ತಡೆಯಿತು, ಜಾರುವುದೂ ನುಣುಪಾಗಿತ್ತು, ಆದರೆ ಗ್ರೇವಿ ಕಂದು ಬಣ್ಣಕ್ಕೆ ತಿರುಗಿದ್ದರಿಂದ ಕೆಟ್ಟುಹೋಗಿದೆ ಎಂದು ಗಿರಾಕಿಗಳು ಮರಳಿ ತಂದರು. ಕೊನೆಗೆ ನಿಂತದ್ದು ನಮ್ಮ ಚವಳಿಕಾಯಿ ಬೀಜದ ಗೋಂದು, ಅಂದರೆ ಗ್ವಾರ್ ಗಮ್. 121 ಡಿಗ್ರಿಯಲ್ಲಿ ಅದು ಸ್ವಲ್ಪ ತೆಳುವಾಗುತ್ತದೆ, ಆದ್ದರಿಂದ ಮೊದಲೇ ಬೇಕಾದದ್ದಕ್ಕಿಂತ ಕಾಲುಭಾಗ ಹೆಚ್ಚು ಹಾಕುತ್ತೇನೆ. ಹುಣಸೆ ಬೀಜವನ್ನು ನಾನು ಇನ್ನೂ ಬಿಟ್ಟಿಲ್ಲ, ಬಣ್ಣ ತಿಳಿಯಾಗಿಸುವ ಒಂದು ದಾರಿ ಇದೆ ಎಂದು ನನಗೆ ಅನಿಸುತ್ತದೆ.

ನಿಲ್ಲದ ಪೌಚನ್ನು ಅಂಗಡಿಯಲ್ಲಿ ಎಲ್ಲಿಡುವುದು ಎಂಬ ಪ್ರಶ್ನೆಗೆ ಉತ್ತರ ಕಿರಾಣಿ ಅಂಗಡಿಯಲ್ಲೇ ನೇತಾಡುತ್ತಿತ್ತು. ಶಾಂಪೂ, ಚಿಪ್ಸ್ ಎಲ್ಲ ತೂಗುವಂತೆ ಹರಿಯುವ ಗೆರೆಯ ಮೇಲಿನ ಪಟ್ಟಿಯಲ್ಲಿ ಒಂದು ತೂತು ಹೊಡೆಸಿ, ಹನ್ನೆರಡು ಪೌಚು ಹಿಡಿಯುವ ತಂತಿ ಕೊಕ್ಕೆಯನ್ನು ಅಂಗಡಿಗೆ ಪುಕ್ಕಟೆ ಕೊಟ್ಟೆ. ಕೊಕ್ಕೆಗೆ 22 ರೂಪಾಯಿ. ಕಪಾಟಿನ ಜಾಗ ಕೇಳದ ಸಾಮಾನನ್ನು ಅಂಗಡಿಯವರು ಬೇಡ ಎನ್ನಲಿಲ್ಲ. ಚೀಟಿ ತಿರುಗಿಸಿಟ್ಟ ಹಿರಿಯರು ಈಗ ಇದೇ ಅಳತೆಯ ಫಿಲ್ಮನ್ನು ನನಗೆ ತರಿಸಿಕೊಡುತ್ತಾರೆ, ಪೌಚು ಮೂರು ರೂಪಾಯಿಯ ಆಸುಪಾಸಿಗೆ ಬೀಳುತ್ತದೆ. ಎರಡೂವರೆ ವರ್ಷದಲ್ಲಿ ಒಟ್ಟು ಹನ್ನೊಂದು ಲಕ್ಷ ಹಾಕಿದ್ದೆ, ಕಳೆದ ದೀಪಾವಳಿಯ ಹೊತ್ತಿಗೆ ತಿಂಗಳ ಖರ್ಚು ಕಳೆದು ಉಳಿಯತೊಡಗಿತು.

ಬೆಕ್ಕಿಗಾಗಿ 50 ಗ್ರಾಮಿನ ಪೌಚನ್ನು ಇದೇ ರೀತಿ ಮಾಡಲು ಹೋಗಿ ಸದ್ಯ ಸಿಕ್ಕಿಕೊಂಡಿದ್ದೇನೆ. ಅಗಲವನ್ನು 60 ಮಿಲಿಮೀಟರಿಗೆ ಇಳಿಸಿದರೆ ಸೀಲು ಕಳೆದು ಬಾಯಿಗೆ 36 ಮಾತ್ರ ಉಳಿಯುತ್ತದೆ, ತುಂಡುಗಳು ಒಂದಕ್ಕೊಂದು ಅಡ್ಡ ಬಿದ್ದು ಜಾರುವುದಿಲ್ಲ. ಅಗಲವನ್ನು ಹಾಗೆಯೇ ಇಟ್ಟು ಉದ್ದವನ್ನು ಅರ್ಧ ಮಾಡಿದ ಎರಡನೆಯ ಮಾದರಿ ಮೊನ್ನೆ ಬಂದಿದೆ. ಇಪ್ಪತ್ತನ್ನು ತುಂಬಿ 37 ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಇಂದಿಗೆ ಆರನೆಯ ದಿನ, ಇದುವರೆಗೆ ಯಾವುದೂ ಉಬ್ಬಿಲ್ಲ.