ಗಡುವಿನೊಳಗೆ ಸುದ್ದಿ: ಪಾಠ ಹೇಳುವವರು ಬರೆಯಲು ಕೂತಾಗ

ಮುಖ್ಯ ವಿಷಯ ಮೊದಲು, ಉಳಿದದ್ದು ಆಮೇಲೆ ಎನ್ನುವ ಸುದ್ದಿಯ ‘ತಲೆಕೆಳಗಾದ ಪಿರಮಿಡ್ಡ’ನ್ನು ಪತ್ರಿಕೋದ್ಯಮದ ತರಗತಿಯಲ್ಲಿ ವರ್ಷಗಟ್ಟಲೆ ಬೋರ್ಡಿನ ಮೇಲೆ ಬಿಡಿಸಿದವರಿಗೂ ‘ಎಂಟು ಗಂಟೆಗೆ ಕಾಪಿ (ಸುದ್ದಿಯ ಬರಹ) ಬೇಕು’ ಅಂದ ಕೂಡಲೇ ಮೊದಲ ವಾಕ್ಯ ಹೊಳೆಯುವುದಿಲ್ಲ. ಮೇಷ್ಟ್ರ ಕೈ ಪೀಠಿಕೆಗೆ ಒಗ್ಗಿಹೋಗಿರುತ್ತದೆ. ತರಗತಿಯಲ್ಲಿ ಹಿನ್ನೆಲೆ ಹೇಳಿ ವಿಷಯಕ್ಕೆ ಬರುವುದು ಕ್ರಮ. ಸುದ್ದಿಯಲ್ಲಿ ಹಾಗೆ ಮಾಡಿದರೆ ಡೆಸ್ಕಿನವರು (ಸುದ್ದಿ ತಿದ್ದುವ ಉಪಸಂಪಾದಕರು) ಮೊದಲ ಎರಡು ಪ್ಯಾರಾ ಕತ್ತರಿಸಿ ಮೂರನೆಯದರಿಂದ ಶುರು ಮಾಡುತ್ತಾರೆ.

ಅಭ್ಯಾಸಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ: ಫೋನಿಗೆ 20 ನಿಮಿಷ, ಬರೆಯಲು 20, ತಿದ್ದಲು 10, ಕಳಿಸಲು 10. ಬೇರೆ ಊರಿನಲ್ಲಿ ಕಳಿಸಲು ಎರಡೇ ನಿಮಿಷ ಸಾಕಾದೀತು. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರ್ ಮಲಗುವ ಕೊಡಗಿನಲ್ಲಿ ಹತ್ತೂ ಕಡಿಮೆಯೇ. ಲ್ಯಾಪ್‌ಟಾಪ್ ಕೈಕೊಟ್ಟರೆ ಫೋನಿನಲ್ಲಿ ಓದಿ ಬರೆಸುವಂತಿರಲಿ ನಿಮ್ಮ ವಾಕ್ಯಗಳು.

ಇಂಟ್ರೊ, ಅಂದರೆ ಸುದ್ದಿಯ ಆರಂಭದ ಸಾಲು, ಹುಟ್ಟಬೇಕಾದ್ದು ಕೀಲಿಮಣೆಯ ಮುಂದೆ ಅಲ್ಲ, ಕೊನೆಯ ಫೋನ್ ಕರೆ ಇಡುವಷ್ಟರಲ್ಲಿ. ‘ಏನಾಯ್ತು?’ ಎಂದು ಮನೆಯವರು ಕೇಳಿದರೆ ಒಂದೇ ಉಸಿರಿನಲ್ಲಿ ಏನು ಹೇಳುತ್ತೀರೋ ಅದೇ ಇಂಟ್ರೊ. ಅಭ್ಯಾಸಕ್ಕೆಂದು ಕಲ್ಪಿಸಿದ ಈ ಸಾಲು ನೋಡಿ:

‘ಕಳೆದ ಹಲವು ದಿನಗಳಿಂದ ಜಿಲ್ಲೆಯಾದ್ಯಂತ ಸುರಿಯುತ್ತಿರುವ ಧಾರಾಕಾರ ಮಳೆಯ ಪರಿಣಾಮ ಮಡಿಕೇರಿ–ಭಾಗಮಂಡಲ ರಸ್ತೆಯಲ್ಲಿ ಬೃಹತ್ ಗಾತ್ರದ ಮರವೊಂದು ಬುಡಸಮೇತ ಉರುಳಿ ಬಿದ್ದಿದ್ದು, ವಾಹನ ಸಂಚಾರಕ್ಕೆ ಅಡಚಣೆಯುಂಟಾದ ಘಟನೆ ಶುಕ್ರವಾರ ನಡೆದಿದೆ.’

22 ಪದ. ಮರ ಕಾಣಿಸುವುದು 13ನೆಯದಕ್ಕೆ. ಕೊನೆಗೆ ಬರುವ ಕ್ರಿಯಾಪದ ‘ನಡೆದಿದೆ’. ಅದರಲ್ಲಿ ಸುದ್ದಿಯೇ ಇಲ್ಲ. ಇದನ್ನೇ ಹೀಗೆ ಬರೆಯಬಹುದು:

‘ಮಡಿಕೇರಿ–ಭಾಗಮಂಡಲ ರಸ್ತೆಗೆ ಶುಕ್ರವಾರ ಮಧ್ಯಾಹ್ನ ಮರ ಉರುಳಿ 3 ಗಂಟೆ ಕಾಲ ಸಂಚಾರ ನಿಂತಿತು. ಸಂಜೆ 5ಕ್ಕೆ ಒಂದು ಬದಿ ತೆರವಾಗಿದೆ.’

ಯಾರು, ಏನು, ಎಲ್ಲಿ, ಯಾವಾಗ ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕುವ ಪಾಠ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಕ್ರಿಯಾಪದ ಮುಂದೆಯೇ ಸಿಗುತ್ತದೆ. ಕನ್ನಡದಲ್ಲಿ ಅದು ಕೊನೆಗೆ ಕೂರುವುದರಿಂದ ವಾಕ್ಯ ಉದ್ದವಾದಷ್ಟೂ ಓದುಗ ಬಾಗಿಲಲ್ಲೇ ಕಾಯಬೇಕು. 10–12 ಪದಕ್ಕೆ ಒಂದು ಪೂರ್ಣವಿರಾಮ ಇಡಿ. ‘ಬಿದ್ದಿದ್ದು’, ‘ತಿಳಿಸಿದ್ದು’ ಎಂಬ ಕೊಂಡಿಗಳನ್ನು ಕಂಡಲ್ಲೆಲ್ಲ ಮುರಿಯಿರಿ. ‘ಘಟನೆ ನಡೆದಿದೆ’ ಎಂಬ ಬಾಲವನ್ನಂತೂ ಹುಡುಕಿ ಅಳಿಸಿ.

ಫೋನಿನ 20 ನಿಮಿಷದಲ್ಲಿ ಮೂರು ಕರೆಯಾದರೂ ಆಗಬೇಕು: ಸ್ಥಳದಲ್ಲಿರುವ ಒಬ್ಬರು, ಪೊಲೀಸ್ ಠಾಣೆ, ಸಂಬಂಧಪಟ್ಟ ಇಲಾಖೆ. ಪ್ರತಿ ಮಾಹಿತಿಯ ಪಕ್ಕ ಹೇಳಿದವರ ಹೆಸರು, ಹೇಳಿದ ಹೊತ್ತು ಬರೆದಿಡಿ. ‘ಎಂದು ತಿಳಿದುಬಂದಿದೆ’ ಎಂದು ಬರೆಯುವ ಮನಸ್ಸಾದರೆ ನಾಲ್ಕನೇ ಕರೆ ಬಾಕಿ ಇದೆ ಎಂದರ್ಥ.

ಕೊಡಗಿನಲ್ಲಿ ಹೊಸಬರು ಎಡವುವುದು ಮಳೆಯ ಲೆಕ್ಕದಲ್ಲಿ. ತೋಟದವರು ಇಂಚು–ಸೆಂಟಿನಲ್ಲಿ ಹೇಳುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ. 1 ಇಂಚಿಗೆ 100 ಸೆಂಟ್, ಅಂದರೆ 25.4 ಮಿ.ಮೀ. ‘ನಾಲ್ಕು ಇಂಚು ಇಪ್ಪತ್ತು ಸೆಂಟ್’ ಎಂದರೆ 4.20 ಇಂಚು, 106.7 ಮಿ.ಮೀ. ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 64.5ರಿಂದ 115.5 ಮಿ.ಮೀ.ವರೆಗೆ ‘ಭಾರಿ’, 115.6ರಿಂದ 204.4ರವರೆಗೆ ‘ಅತಿ ಭಾರಿ’. ಹಾಗಾಗಿ ಈ ಮಳೆ ಭಾರಿ ಅಷ್ಟೇ, ಅತಿ ಭಾರಿ ಅಲ್ಲ. ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಂಬುದೂ ನೆನಪಿರಲಿ. ‘ಶುಕ್ರವಾರ ಸುರಿದ ಮಳೆ’ ಎಂದು ಬರೆದರೆ ಅರ್ಧ ಲೆಕ್ಕ ಗುರುವಾರದ್ದಾಗಿರಬಹುದು. ತೋಟದ ಮಾಪಕದ ಅಂಕಿಯನ್ನು ಬಳಸಿ, ಆದರೆ ಅದು ತೋಟದ ಅಂಕಿ ಎಂದೇ ಹೇಳಿ.

ಎರಡನೆಯದು ಹೆಸರು. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಒಂದು ಅಕ್ಷರ ತಪ್ಪಿದರೆ ಬೇರೆಯದೇ ಒಕ್ಕ (ಮನೆತನ). ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ತಂಡಗಳ ಹೆಸರೇ ಮನೆತನ. ಅಲ್ಲಿ ಗೋಲಿನ ಲೆಕ್ಕ ತಪ್ಪಿದರೆ ಕ್ಷಮಿಸುವವರೂ ಹೆಸರು ಕೆಟ್ಟರೆ ಬಿಡುವುದಿಲ್ಲ. ಫೋನಿನಲ್ಲಿ ಅಕ್ಷರ ಬಿಡಿಸಿ ಕೇಳಿ, ಬರೆದದ್ದನ್ನು ತಿರುಗಿ ಓದಿ ಹೇಳಿ. ಊರಿಗೂ ಇದೇ ನಿಯಮ: ಸಿದ್ದಾಪುರ ಕೊಡಗಿನಲ್ಲಷ್ಟೇ ಅಲ್ಲ, ಉತ್ತರ ಕನ್ನಡದಲ್ಲೂ ಇದೆ.

ಮುಂಚಿತವಾಗಿ ಗೊತ್ತಿರುವ ಸುದ್ದಿಗೆ ಅರ್ಧ ಕಾಪಿ ಹಿಂದಿನ ದಿನವೇ ಸಿದ್ಧವಿರಬೇಕು. ತುಲಾ ಸಂಕ್ರಮಣದ ತಲಕಾವೇರಿ ತೀರ್ಥೋದ್ಭವಕ್ಕೆ ಮುಹೂರ್ತ ಮೊದಲೇ ಪ್ರಕಟವಾಗುತ್ತದೆ. ಹಿನ್ನೆಲೆ, ವ್ಯವಸ್ಥೆ, ಬಸ್ಸಿನ ವಿವರ ಬರೆದಿಟ್ಟು ಇಂಟ್ರೊ ಜಾಗ ಖಾಲಿ ಬಿಡಿ. ಮುಹೂರ್ತದ ಸಮಯವನ್ನೇ ‘ತೀರ್ಥೋದ್ಭವವಾಯಿತು’ ಎಂದು ತುಂಬಿಸಿಟ್ಟರೆ ಅಪಾಯ. ನಿಜವಾದ ಕ್ಷಣ ಒಂದೆರಡು ನಿಮಿಷ ಆಚೀಚೆ ಆದೀತು. ಜನಜಂಗುಳಿಯಲ್ಲಿ ಡೇಟಾ ಓಡದಿದ್ದರೆ ಇಂಟ್ರೊ ಮಾತ್ರ ಎಸ್‌ಎಂಎಸ್‌ನಲ್ಲಿ ಹೋಗಲಿ.

ತಿದ್ದುವ ಹತ್ತು ನಿಮಿಷದಲ್ಲಿ ಶೈಲಿಗೆ ಕೈ ಹಾಕಬೇಡಿ. ಅಂಕಿ, ಹೆಸರು, ವಾರ, ಊರು, ಇಷ್ಟೇ ನೋಡಿ. ಸಂತ್ರಸ್ತರು ಮಕ್ಕಳಾಗಿದ್ದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣವಾಗಿದ್ದರೆ ಹೆಸರು ಮಾತ್ರವಲ್ಲ, ಶಾಲೆ, ಮನೆ, ಬಂಧುಗಳ ಸುಳಿವೂ ಕೂಡದು. ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತದೆ. ಕೊನೆಯ ಪ್ಯಾರಾ ಕೈಯಿಂದ ಮುಚ್ಚಿ ಓದಿ: ಸುದ್ದಿ ಊನವಾದರೆ ಅಲ್ಲಿರುವುದು ಮೇಲೆ ಬರಬೇಕಿತ್ತು.

ಡೆಸ್ಕ್ ನುಡಿ ಫಾಂಟ್ ಬಳಸುತ್ತದೋ ಯೂನಿಕೋಡೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವುದುಂಟು. ಕಳಿಸಿದ ಮೇಲೆ ‘ಬಂತಾ?’ ಎಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಮರುದಿನ ಅಚ್ಚಾದ ಸುದ್ದಿಯನ್ನು ನಿಮ್ಮ ಕಾಪಿಯ ಪಕ್ಕ ಇಟ್ಟು, ಡೆಸ್ಕ್ ಕತ್ತರಿಸಿದ ಪದಗಳಿಗೆ ಕೆಂಪು ಗೆರೆ ಎಳೆಯಿರಿ. ಹತ್ತು ಸುದ್ದಿಯಾಗುವಷ್ಟರಲ್ಲಿ ಒಂದೇ ಬಗೆಯ ಪದಗಳ ಮೇಲೆ ಗೆರೆ ಬೀಳುತ್ತಿರುವುದು ಕಾಣುತ್ತದೆ.