ಕೋಟೆ ನೋಡಿ ಹಾಗೇ ಹೊರಡಬೇಡಿ

ಚಿತ್ರದುರ್ಗಕ್ಕೆ ಬಂದವರೆಲ್ಲ ಕೋಟೆ ನೋಡಿ ಊರಿಗೆ ಹೊರಡುತ್ತಾರೆ. ನನ್ನ ಮಾತು ಕೇಳಿ, ಇನ್ನೊಂದು ದಿನ ಉಳಿಯಿರಿ. ಬೆಳಿಗ್ಗೆಯೇ ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು.

ಬ್ರಾಹ್ಮಿ ಅಕ್ಷರಗಳು ಸವೆದಿವೆ. ಟಾರ್ಚನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗೀರುಗಳು ಎದ್ದು ಕಾಣುತ್ತವೆ. ಕೊನೆಯ ಸಾಲು ಹುಡುಕಿ. ಬರೆದವನು ಚಪಡ. ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ದೂರದ ಗಾಂಧಾರದ (ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ) ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ನನಗೆ ಪ್ರತಿ ಸಲ ಅಲ್ಲೇ ಮೈ ಜುಮ್ಮೆನ್ನುತ್ತದೆ. ಸೀಮೆಸುಣ್ಣ ಹಚ್ಚಬೇಡಿ, ಮುಟ್ಟಲೂ ಬೇಡಿ.

ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳೂ ಹತ್ತಿರದಲ್ಲೇ ಇವೆ. ಜಟಿಂಗ ರಾಮೇಶ್ವರಕ್ಕೆ ಬೆಟ್ಟ ಹತ್ತಬೇಕು. ಬಿಸಿಲು ಇಳಿದ ಮೇಲೆ ಹತ್ತಿ, ನೀರು ಜಾಸ್ತಿಯೇ ಇರಲಿ.